ಮಾತ್ರೆಯ ಲೆಕ್ಕ ನಮ್ಮ ಪುಸ್ತಕದಲ್ಲೇ ಇರಲಿ

"ಮಾತ್ರೆಯಿಂದ ತಲೆಸುತ್ತು ಬಂದು ಬಿದ್ದಿದ್ದಾರೆ."

ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯ ಚೀಟಿಯಲ್ಲಿ ಹೀಗೆ ಬರೆದಿತ್ತು. ಬರೆದದ್ದು ಇಂಗ್ಲಿಷಿನಲ್ಲಿ. ಓದಿ ಹೇಳಿದ್ದು ನಮ್ಮ ಆಶಾ ಕಾರ್ಯಕರ್ತೆ. ಚೀಟಿ ಹಿಡಿದುಕೊಂಡು ನಮ್ಮ ಸಂಘದ ಸಭೆಗೆ ಬಂದಿದ್ದ ಹುಡುಗಿಗೆ ಇಪ್ಪತ್ತಮೂರು ವರ್ಷ. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಎಡಗೈ ಊದಿಕೊಂಡಿತ್ತು. ಕಿವಿಯ ಹಿಂದೆ ನೀಲಿಗಟ್ಟಿತ್ತು. ಆರು ವಾರದಿಂದ ಅವಳು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳ ಪರವಾಗಿ ಮಾತಾಡಿದವನು ಗಂಡ. ಬರೆದುಕೊಂಡವರು ಡಾಕ್ಟರು. ಅವಳು ಹೂಂ ಎಂದು ತಲೆಯಾಡಿಸಿದ್ದಳು, ಅಷ್ಟೇ.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ನನ್ನ ವಯಸ್ಸಿನ ಅಕ್ಕತಂಗಿಯರಿಗೆ ಆ ಚೀಟಿಯ ಮಾತು ಕೇಳಿದ ಕೂಡಲೇ ಇನ್ನೊಂದು ಮಾತು ನೆನಪಾಗಿರಬೇಕು. "ಸ್ಟೌ ಸಿಡಿದು ಸತ್ತಳು." ಎಂಬತ್ತು-ತೊಂಬತ್ತರ ದಶಕದಲ್ಲಿ ಎಷ್ಟು ಸೊಸೆಯಂದಿರ ಸಾವಿನ ಮೇಲೆ ಈ ಮಾತನ್ನು ಹೊದಿಸಲಾಯಿತು! ಸೊಸೆ ಹಚ್ಚಿದಾಗ ಮಾತ್ರ ಸಿಡಿಯುವ ಸ್ಟೌ, ಅತ್ತೆ ಹಚ್ಚಿದಾಗ ಯಾಕೆ ಸಿಡಿಯುವುದಿಲ್ಲ ಎಂದು ನಾವು ಬೀದಿಯಲ್ಲಿ ನಿಂತು ಕೇಳಿದೆವು. ಈಗ ಸ್ಟೌ ಹೋಗಿ ಗ್ಯಾಸ್ ಬಂದಿದೆ. ತಪ್ಪು ಹೊರಿಸುವುದಕ್ಕೆ ಮಾತ್ರೆ ಸಿಕ್ಕಿದೆ. ಖಿನ್ನತೆಯ ಮಾತ್ರೆಗೆ ಅಡ್ಡ ಪರಿಣಾಮಗಳಿವೆ ಎಂಬುದು ನಿಜ. ತಲೆಸುತ್ತು ಬರುತ್ತದೆ ಎಂಬುದೂ ನಿಜ. ಹಾಗಿರುವುದರಿಂದಲೇ ಈ ಸುಳ್ಳನ್ನು ಸುಲಭವಾಗಿ ನಂಬಿಸಬಹುದು.

ಆದ್ದರಿಂದ ನಾನು ಹೇಳುವುದು ಇಷ್ಟು. ಮಾತ್ರೆಯಿಂದ ಏನಾಯಿತು, ಏನಾಗಲಿಲ್ಲ ಎಂಬ ಲೆಕ್ಕವನ್ನು ಮಾತ್ರೆ ನುಂಗುವ ಹೆಂಗಸೇ ಇಡಬೇಕು. ಸಂಘ ಅವಳ ಜೊತೆಗೆ ಕೂತು ಆ ಲೆಕ್ಕವನ್ನು ನೋಡಬೇಕು. ನಾವು ಇಡದಿದ್ದರೆ ಬೇರೆಯವರು ತಮಗೆ ಬೇಕಾದ ಹಾಗೆ ಬರೆಯುತ್ತಾರೆ.

ನನ್ನದೇ ತಪ್ಪಿನ ಕಥೆ

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಇಪ್ಪತ್ತೈದು ವರ್ಷಕ್ಕೂ ಹಿಂದೆ, ನಾನು ಹೊಡೆತ ತಿಂದುಕೊಂಡೇ ಸಂಸಾರ ಮಾಡುತ್ತಿದ್ದ ಕಾಲದಲ್ಲಿ, ನನಗೆ ನಿದ್ದೆ ಹೋಯಿತು. ಊಟ ಸೇರುತ್ತಿರಲಿಲ್ಲ. ರಾಗಿ ಕಳೆ ಕೀಳುತ್ತಾ ಕೂತವಳು ಸುಮ್ಮನೆ ಅಳುತ್ತಿದ್ದೆ. ಸರ್ಕಾರಿ ಡಾಕ್ಟರು ಒಂದು ಮಾತ್ರೆ ಕೊಟ್ಟರು. ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಕಾಲದ ಮಾತ್ರೆ. ಅದರಿಂದ ಏನೇನಾಗಬಹುದು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬಾಯಿ ಒಣಗಿತು. ಮಲ ಕಟ್ಟಿತು. ಬೆಳಿಗ್ಗೆ ಎದ್ದು ನಿಂತರೆ ಕಣ್ಣು ಕತ್ತಲಿಟ್ಟಿತು. ಮಂಪರು ಬಿಡುತ್ತಿರಲಿಲ್ಲ. ನಮ್ಮತ್ತೆ "ಇದು ಹುಚ್ಚಿನ ಮಾತ್ರೆ" ಅಂದರು. ಪಕ್ಕದ ಮನೆಯಾಕೆ, "ಇದನ್ನ ತಿಂದ್ರೆ ಗರ್ಭ ನಿಲ್ಲಾಕಿಲ್ಲ ಕಣೆ, ನರ ಎಲ್ಲಾ ಸತ್ತೋಯ್ತದೆ" ಅಂದಳು. ಹೆದರಿ ಒಂದೇ ದಿನಕ್ಕೆ ಎಲ್ಲ ಬಿಟ್ಟುಬಿಟ್ಟೆ. ಮೂರನೆಯ ದಿನ ಹೊಟ್ಟೆ ತೊಳಸಿ, ಮೈ ನಡುಗಿ, ನಿದ್ದೆ ಪೂರ್ತಿ ಹೋಯಿತು. ನೋಡಿದಿರಾ, ಮಾತ್ರೆ ನರ ತಿಂದುಹಾಕಿತು ಎಂದು ಊರೆಲ್ಲ ಹೇಳಿತು. ನಾನೂ ನಂಬಿದೆ.

ಬಹಳ ವರ್ಷದ ಮೇಲೆ ಒಬ್ಬ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ಬಾಯಿ ಒಣಗುವುದು, ಮಲಬದ್ಧತೆ, ಎದ್ದಾಗ ತಲೆಸುತ್ತು, ಮಂಪರು ಇವು ಆ ಮಾತ್ರೆಯ ನಿಜವಾದ ಅಡ್ಡ ಪರಿಣಾಮಗಳು. ರಾತ್ರಿ ಮಲಗುವಾಗ ತೆಗೆದುಕೊಂಡು, ಡೋಸ್ ನಿಧಾನವಾಗಿ ಏರಿಸಿದ್ದರೆ ಎಷ್ಟೋ ತಡೆಯಬಹುದಿತ್ತು. ಮೂರನೆಯ ದಿನದ ನಡುಕ ಬಂದದ್ದು ಮಾತ್ರೆ ನುಂಗಿದ್ದರಿಂದಲ್ಲ, ಹಠಾತ್ತನೆ ಬಿಟ್ಟದ್ದರಿಂದ. ನರ ಸಾಯುವ ಮಾತು ಬರೀ ಸುಳ್ಳು. ನನಗಾದದ್ದರಲ್ಲಿ ಮೂರು ಬಗೆ ಇತ್ತು: ಮಾತ್ರೆಯಿಂದ ಬಂದದ್ದು, ಮಾತ್ರೆ ಬಿಟ್ಟಿದ್ದರಿಂದ ಬಂದದ್ದು, ಊರಿನ ಬಾಯಿಂದ ಬಂದದ್ದು. ನಾನು ಮೂರನ್ನೂ ಒಂದೇ ಗಂಟು ಕಟ್ಟಿದ್ದೆ. ನಾಲ್ಕನೆಯದೊಂದಿತ್ತು: ನನ್ನ ಮೈನೋವು, ತಲೆನೋವು. ಅದು ಬಂದದ್ದು ಗಂಡನ ಕೈಯಿಂದ. ಅದನ್ನೂ ಮಾತ್ರೆಯ ತಲೆಗೇ ಕಟ್ಟಿದ್ದೆ.

ಆರು ಜನರ ದೂರು

ಅಡ್ಡ ಪರಿಣಾಮದ ದೂರನ್ನು ಹೇಗೆ ತೂಗಿ ನೋಡಬೇಕು ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅದು ನಡೆದದ್ದು ಅಮೆರಿಕದಲ್ಲಿ. ಆದರೆ ಅದೇ ಮಾತ್ರೆಗಳು ಇಂದು ನಮ್ಮ ತಾಲೂಕಿನ ಮೆಡಿಕಲ್ ಶಾಪಿನಲ್ಲೂ ಸಿಗುವುದರಿಂದ ನಮಗೂ ಅದು ಬೇಕು.

ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಗೆ ಅಲ್ಲಿ 1987ರ ಕೊನೆಯಲ್ಲಿ ಅನುಮತಿ ಸಿಕ್ಕಿತು. 1990ರಲ್ಲಿ ಕೆಲವು ವೈದ್ಯರು ತಮ್ಮ ಆರು ರೋಗಿಗಳ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮಾತ್ರೆ ಶುರುಮಾಡಿದ ಮೇಲೆ ಈ ಆರು ಜನಕ್ಕೆ ಸಾಯಬೇಕೆಂಬ ಯೋಚನೆ ಬಲವಾಗಿ ಬಂದಿತ್ತು. ಬರೀ ಆರು ಜನ. 1991ರಲ್ಲಿ ಅಲ್ಲಿನ ಸರ್ಕಾರದ ಔಷಧ ಇಲಾಖೆಯ ತಜ್ಞರ ಸಮಿತಿ ಕೂತು, ಇದಕ್ಕೆ ನಂಬುವಂತಹ ಸಾಕ್ಷಿ ಇಲ್ಲ ಎಂದು ಹೇಳಿತು. ಖಿನ್ನತೆ ಇರುವವರಿಗೆ ಸಾಯುವ ಯೋಚನೆ ಬರುವುದು ರೋಗದಿಂದಲೂ ಇರಬಹುದಲ್ಲ? ಅದನ್ನು ಬಿಡಿಸಿ ನೋಡುವುದು ಕಷ್ಟವೇ.

ಆದರೆ ದೂರುಗಳು ನಿಲ್ಲಲಿಲ್ಲ. ಕೊನೆಗೆ ಆ ಇಲಾಖೆ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದಿದ್ದ 24 ಪ್ರಯೋಗಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿತು. ಅದರಲ್ಲಿ 4,400ಕ್ಕೂ ಹೆಚ್ಚು ಮಂದಿ ಇದ್ದರು. ಅರ್ಧದಷ್ಟು ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ, ನೋಡಲು ಹಾಗೇ ಇರುವ ಮಾತ್ರೆ. ಸಾಯುವ ಯೋಚನೆ ಅಥವಾ ಅಂತಹ ನಡವಳಿಕೆ ಕಂಡದ್ದು ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಇಬ್ಬರಲ್ಲಿ, ನಿಜವಾದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ನಾಲ್ವರಲ್ಲಿ. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. 2004ರಲ್ಲಿ ಈ ಮಾತ್ರೆಗಳ ಮೇಲೆ ಕಪ್ಪು ಚೌಕದೊಳಗೆ ಎಚ್ಚರಿಕೆ ಹಾಕಬೇಕೆಂದು ಆದೇಶವಾಯಿತು. 2007ರಲ್ಲಿ ಅದನ್ನು 18ರಿಂದ 24 ವರ್ಷದವರಿಗೂ ವಿಸ್ತರಿಸಿದರು. 24 ದಾಟಿದವರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. 65 ದಾಟಿದವರಲ್ಲಿ ಮಾತ್ರೆಯಿಂದ ಅಂತಹ ಯೋಚನೆ ಕಡಿಮೆಯೇ ಆಗಿತ್ತು.

ಇದರಿಂದ ನಮಗೆ ಎರಡು ಪಾಠ. ಒಂದು, ಆರು ಜನರ ದೂರನ್ನು ಯಾರೂ ತಿಪ್ಪೆಗೆ ಎಸೆಯಬಾರದು. ಎಸೆಯದೆ ಬರೆದಿಟ್ಟದ್ದಕ್ಕೇ ಹದಿನಾಲ್ಕು ವರ್ಷದ ಮೇಲೆ ಎಳೆಯರಿಗೆ ಒಂದು ರಕ್ಷಣೆ ಸಿಕ್ಕಿತು. ಎರಡು, ದೂರು ಕೇಳಿದ ಕೂಡಲೇ ನಂಬಿಬಿಡಲೂಬಾರದು. "ಮಾತ್ರೆ ತಿಂದರೆ ಸಾಯುವ ಯೋಚನೆ ಎರಡರಷ್ಟಾಗುತ್ತದೆ" ಎಂದರೆ ಎದೆ ಒಡೆಯುತ್ತದೆ. "ನೂರು ಮಕ್ಕಳಲ್ಲಿ ಇಬ್ಬರಿಗೆ ಹೆಚ್ಚಾಗಿ ಕಂಡಿತು, ಆದ್ದರಿಂದ ಮೊದಲ ವಾರಗಳಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ" ಎಂದರೆ ಏನು ಮಾಡಬೇಕೆಂದು ತಿಳಿಯುತ್ತದೆ. ಎರಡೂ ಒಂದೇ ಲೆಕ್ಕ.

ನಮ್ಮ ಹುಡುಗಿಗೆ ಇಪ್ಪತ್ತಮೂರು. ಈ ಎಚ್ಚರಿಕೆ ಅವಳಿಗೂ ಸೇರಿದ್ದೇ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ನಾವು ಬರೆದ ಪುಸ್ತಕ

ಸಂಘದಲ್ಲಿ ಪುಸ್ತಕ ಬರೆಯುವವಳು ನಾನು. ಉಳಿತಾಯ, ಸಾಲ, ಬಡ್ಡಿ ಮೂರಕ್ಕೂ ಗೆರೆ ಹಾಕಿ ಬರೆದು ಅಭ್ಯಾಸ. ಅದೇ ರೀತಿ ನಲವತ್ತು ಪುಟದ ನೋಟ್‌ಬುಕ್ಕಿಗೆ ಐದು ಗೆರೆ ಎಳೆದು ಆ ಹುಡುಗಿಗೆ ಕೊಟ್ಟೆ. ದಿನ. ಮಾತ್ರೆ ನುಂಗಿದ ಹೊತ್ತು. ಮೈಗೆ ಏನಾಯಿತು. ಬೇರೆ ಯಾವ ಔಷಧಿ ತೆಗೆದುಕೊಂಡೆ. ಮನೆಯಲ್ಲಿ ಏನಾಯಿತು.

ದಿನಾ ಎರಡು ಸಾಲು. ಬರೆಯಲು ಬಾರದವರು ಗುರುತು ಹಾಕಬಹುದು. ಪುಸ್ತಕ ಮನೆಯಲ್ಲಿಡುವುದು ಬೇಡ ಎಂದು ತೀರ್ಮಾನ ಮಾಡಿದೆವು. ಗಂಡನ ಕೈಗೆ ಸಿಕ್ಕರೆ ಅದಕ್ಕೂ ಹೊಡೆತ ಬೀಳುತ್ತದೆ. ಸಂಘದ ಹಣದ ಪೆಟ್ಟಿಗೆಯಲ್ಲಿ, ಬೀಗದೊಳಗೆ ಇಟ್ಟೆವು. ಅವಳು ನೀರಿಗೆ ಬರುವಾಗ ನಮ್ಮ ಮನೆಗೆ ಬಂದು ಬರೆದು ಹೋಗುತ್ತಿದ್ದಳು.

ವೈದ್ಯರು ಅಡ್ಡ ಪರಿಣಾಮವನ್ನು ಪರೀಕ್ಷಿಸಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತಾರೆ. 1981ರಲ್ಲಿ ಬಂದ ಅದಕ್ಕೆ ನರಾಂಜೊ ಪಟ್ಟಿ ಎನ್ನುತ್ತಾರೆ. ಅದರ ತಿರುಳನ್ನು ನಮ್ಮ ಭಾಷೆಯಲ್ಲಿ ಹೀಗೆ ಕೇಳಿಕೊಳ್ಳಬಹುದು.

ಈ ತೊಂದರೆ ಮಾತ್ರೆ ಶುರುಮಾಡುವ ಮೊದಲೇ ಇತ್ತೇ, ಆಮೇಲೆ ಬಂತೇ? ಇದೇ ತೊಂದರೆ ಬೇರೆಯವರಿಗೂ ಬಂದದ್ದು ವೈದ್ಯರಿಗೆ ಮೊದಲೇ ಗೊತ್ತಿದೆಯೇ? ಡಾಕ್ಟರು ಡೋಸ್ ಏರಿಸಿದಾಗ ಜಾಸ್ತಿಯಾಯಿತೇ, ಇಳಿಸಿದಾಗ ಕಡಿಮೆಯಾಯಿತೇ? ಇದಕ್ಕೆ ಬೇರೆ ಕಾರಣ ಇರಬಹುದೇ? ರಕ್ತ ಕಡಿಮೆ ಇದ್ದರೂ ತಲೆಸುತ್ತುತ್ತದೆ. ಊಟ ಬಿಟ್ಟರೂ ಸುತ್ತುತ್ತದೆ. ಥೈರಾಯ್ಡ್ ತೊಂದರೆ ಇದ್ದರೂ ಸುಸ್ತಾಗುತ್ತದೆ.

ಈ ಪ್ರಶ್ನೆಗಳ ಜೊತೆಗೆ ನಮ್ಮದೊಂದು ಪ್ರಶ್ನೆ ಇದೆ. ಆ ಪಟ್ಟಿಯಲ್ಲಿ ಅದು ಇಲ್ಲ. ಅದನ್ನು ಸೇರಿಸಬೇಕಾದವರು ನಾವೇ. ಆ ದಿನ ಮನೆಯಲ್ಲಿ ಏನಾಯಿತು?

ಐದು ವಾರದ ಮೇಲೆ ಪುಸ್ತಕ ತೆರೆದು ಮೂವರು ಕೂತು ನೋಡಿದೆವು. ತಲೆಸುತ್ತು ಎಂದು ಬರೆದದ್ದು ಬಹುಪಾಲು ಬೆಳಗಿನ ಹೊತ್ತು, ಎದ್ದು ನಿಂತಾಗ. ಆಗ ಅವಳು ಗೋಡೆ ಹಿಡಿದು ನಿಂತುಕೊಳ್ಳುತ್ತಿದ್ದಳು. ಒಂದು ದಿನವೂ ಬಿದ್ದಿರಲಿಲ್ಲ. "ಬಿದ್ದೆ" ಎಂದು ಮೊದಲು ಬರೆದು, ಆಮೇಲೆ ಹೊಡೆದುಹಾಕಿ "ತಳ್ಳಿದರು" ಎಂದು ತಿದ್ದಿದ ದಿನ ಎರಡಿದ್ದವು. ಎರಡೂ ಸಂಜೆ ಹೊತ್ತು. ಒಂದು, ಅವಳ ಅಣ್ಣ ಬೈಕಿನ ಬಾಕಿ ಹಣ ತರದೆ ಬರಿಗೈಲಿ ಬಂದು ಹೋದ ದಿನ. ಇನ್ನೊಂದು, ಅದರ ಮರುವಾರ.

ಇಷ್ಟು ಸಾಕಾಯಿತು. ಮಾತ್ರೆಯ ತಲೆಸುತ್ತು ಸುಳ್ಳಲ್ಲ. ಆದರೆ ಅವಳ ಊದಿದ ಕೈಗೆ ಮಾತ್ರೆ ಹೊಣೆಯಲ್ಲ.

ಶೀಟಿನ ಹಿಂದೆ ಓದಿ

ಪುಸ್ತಕದಲ್ಲಿ ಇನ್ನೊಂದು ಕಂಡಿತು. ಹಗಲು ಪೂರ್ತಿ ಮಂಪರು, ಮರೆವು. ಒಲೆಯ ಮೇಲಿನ ಹಾಲು ಮರೆತದ್ದಕ್ಕೆ ಅತ್ತೆ "ಹುಚ್ಚಿ" ಎಂದು ಬೀದಿಗೆ ಕೇಳುವಂತೆ ಕೂಗಿದ್ದರು. ಮಾತ್ರೆ ಶೀಟನ್ನು ತಿರುಗಿಸಿ ನೋಡಿದರೆ ಒಂದೇ ಮಾತ್ರೆಯಲ್ಲಿ ಎರಡು ಔಷಧದ ಹೆಸರು: ಎಸಿಟಲೋಪ್ರಾಮ್ ಮತ್ತು ಕ್ಲೊನಾಜೆಪಾಮ್. ಮೊದಲನೆಯದು ಖಿನ್ನತೆಗೆ. ಎರಡನೆಯದು ಆತಂಕ ಇಳಿಸಿ ನಿದ್ದೆ ತರಿಸುವ ಔಷಧ. ಮಂಪರು, ಮರೆವು ಅದರಿಂದ ಬರುವುದು ಎಲ್ಲರಿಗೂ ಗೊತ್ತಿರುವ ಪರಿಣಾಮ. ತಿಂಗಳುಗಟ್ಟಲೆ ನುಂಗಿದರೆ ಅದಕ್ಕೆ ಮೈ ಒಗ್ಗಿಹೋಗುತ್ತದೆ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಹಾಗಾಗಿ ನಾವು "ಬಿಟ್ಟುಬಿಡು" ಎನ್ನಲಿಲ್ಲ. ಪುಸ್ತಕ ಹಿಡಿದು ಅವಳನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಎರಡು ಔಷಧವನ್ನೂ ಬೇರೆ ಮಾಡಿ, ಕ್ಲೊನಾಜೆಪಾಮ್ ಅನ್ನು ವಾರವಾರ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ಮರೆವು ಹೋಯಿತು. ಹುಚ್ಚು ಎಂದು ಕೂಗಿಸಿಕೊಂಡದ್ದು ಅರ್ಧ ಮಾತ್ರೆಯ ಮಂಪರು!

ಎಲ್ಲ ಸಂಘಗಳಲ್ಲೂ ತಿಳಿದಿರಬೇಕಾದ ಕೆಲವು ವಿಷಯ ಬರೆಯುತ್ತೇನೆ. ಈಗ ಹೆಚ್ಚಾಗಿ ಕೊಡುವ ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್ ಜಾತಿಯ ಮಾತ್ರೆಗಳಲ್ಲಿ ಮೊದಲ ಒಂದೆರಡು ವಾರ ಹೊಟ್ಟೆ ತೊಳಸುವುದು, ಭೇದಿ, ತಲೆನೋವು, ಬೆವರು, ನಿದ್ದೆಯ ಏರುಪೇರು ಬರಬಹುದು. ಬಹಳಷ್ಟು ಮಂದಿಗೆ ತಾನಾಗಿ ಇಳಿಯುತ್ತದೆ. ತೊಂದರೆ ಮೊದಲ ವಾರವೇ ಕಾಣುತ್ತದೆ, ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಈ ನಡುವಿನ ದಿನಗಳಲ್ಲೇ ನಮ್ಮ ಹೆಂಗಸರು ಮಾತ್ರೆ ಬಿಡುವುದು. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಇವುಗಳ ಜೊತೆ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಅಪಾಯ ಹೆಚ್ಚು. ಮಲ ಡಾಂಬರಿನ ಹಾಗೆ ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಸಾಯುವ ಯೋಚನೆ, ತಡೆಯಲಾರದ ಚಡಪಡಿಕೆ, ನಿದ್ದೆಯೇ ಇಲ್ಲದೆ ಮಿತಿಮೀರಿದ ಹುರುಪು, ಮೈಮೇಲೆ ದದ್ದು, ಮುಖ ಊತ, ಜ್ವರದ ಜೊತೆ ನಡುಕ, ಫಿಟ್ಸ್, ಎಚ್ಚರ ತಪ್ಪುವುದು, ಇವು ಯಾವುದಾದರೂ ಕಂಡರೆ ಮುಂದಿನ ಸಭೆಯವರೆಗೆ ಕಾಯಬಾರದು. ಗರ್ಭಿಣಿಯಾದರೆ ತಾನಾಗಿ ಬಿಡಬಾರದು, ಮುಂದುವರಿಸಲೂಬಾರದು. ಡಾಕ್ಟರಿಗೆ ಹೇಳಿ ತೀರ್ಮಾನಿಸಬೇಕು. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಮಾತ್ರೆಗಳು ಒಟ್ಟಿಗೆ ಹೆಚ್ಚು ನುಂಗಿದರೆ ಹೃದಯಕ್ಕೇ ಅಪಾಯ. ಸಾಯುವ ಮಾತಾಡುವ ತಂಗಿಯ ಮನೆಯಲ್ಲಿ ತಿಂಗಳ ಮಾತ್ರೆ ಒಟ್ಟಿಗೆ ಇಡದೆ, ನಂಬಿಕೆಯವರ ಹತ್ತಿರ ಇಟ್ಟು ವಾರವಾರ ಕೊಡಬೇಕು.

ಬಾಯಿಬಿಟ್ಟು ಹೇಳದ ಒಂದು ಪರಿಣಾಮ

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯಲೇಬೇಕು. ಈ ಮಾತ್ರೆಗಳಿಂದ ಗಂಡಹೆಂಡಿರ ಕೂಟದ ಆಸೆ ಕಡಿಮೆಯಾಗುವುದು ಸಾಮಾನ್ಯ. ಹೆಂಗಸರಿಗೂ, ಗಂಡಸರಿಗೂ ಆಗುತ್ತದೆ. ಬೇರೆ ಪರಿಣಾಮಗಳ ಹಾಗೆ ಇದು ಎರಡು ವಾರದಲ್ಲಿ ಇಳಿಯುವುದಿಲ್ಲ. ಡಾಕ್ಟರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಹೇಳದೆ ಉಳಿದದ್ದಕ್ಕೆ ಬೆಲೆ ತೆರುವವಳು ಯಾರು? "ಹತ್ತಿರ ಬರೋದಿಲ್ಲ, ಬೇರೆ ಯಾರನ್ನೋ ಇಟ್ಟುಕೊಂಡಿದ್ದಾಳೆ" ಎಂಬ ಮಾತಿಗೆ, ಅದರ ಹಿಂದೆ ಬರುವ ಹೊಡೆತಕ್ಕೆ, ಬಲಾತ್ಕಾರಕ್ಕೆ ಈಡಾಗುವವಳು ಅವಳೇ. ಡೋಸ್ ಬದಲಾಯಿಸಬಹುದು, ಮಾತ್ರೆಯನ್ನೇ ಬದಲಾಯಿಸಬಹುದು. ಡಾಕ್ಟರಿಗೆ ಹೇಳಿದರೆ ದಾರಿ ಇದೆ. ಇನ್ನೊಂದು ಮಾತು. ಹೊಡೆಯುವವನ ಹತ್ತಿರ ಹೋಗಲು ಮನಸ್ಸಾಗದಿರುವುದು ರೋಗವೂ ಅಲ್ಲ, ಅಡ್ಡ ಪರಿಣಾಮವೂ ಅಲ್ಲ.

ನಮ್ಮವರದೇ ಎರಡು ಆಕ್ಷೇಪ

ಚಳವಳಿಯ ಗೆಳತಿಯರಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. "ಹೊಡೆಯುವವನು ಅವನು, ಮಾತ್ರೆ ನುಂಗುವವಳು ಇವಳಾ? ಮಾತ್ರೆ ಕೊಟ್ಟು ಹೆಂಗಸರ ಬಾಯಿ ಮುಚ್ಚಿಸುತ್ತಿದ್ದಾರೆ. ಅಡ್ಡ ಪರಿಣಾಮ ಪರೀಕ್ಷಿಸುವುದು ಯಾಕೆ, ಎಸೆಯಿರಿ" ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಗಂಡನ ಹಿಂಸೆ ಅನುಭವಿಸಿದ ಹೆಂಗಸರಿಗೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿ ಹೇಳಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಂತಹ ನಾಡಿನಲ್ಲಿ ಮನೆಯ ವಿಷಯ ಕೇಳದೆ ಬರೀ ಮಾತ್ರೆ ಬರೆದುಕೊಟ್ಟರೆ ಅದು ಚಿಕಿತ್ಸೆಯಾಗುವುದಿಲ್ಲ.

ಆದರೂ ಎಸೆಯಿರಿ ಎನ್ನಲಾರೆ. ಕಾಲು ಮುರಿದವನು ಗಂಡ ಎಂದು ಕಾಲಿಗೆ ಪಟ್ಟಿ ಕಟ್ಟಿಸದೆ ಇರುತ್ತೇವೆಯೇ? ನಮ್ಮ ಹುಡುಗಿ ಎಂಟನೆಯ ವಾರ ನಿದ್ದೆ ಮಾಡಿದಳು. ಹತ್ತನೆಯ ವಾರ ಒಬ್ಬಳೇ ಬಸ್ಸು ಹತ್ತಿ ವಕೀಲರ ಹತ್ತಿರ ಹೋದಳು. ಮಾತ್ರೆ ಅವಳ ಬಾಯಿ ಮುಚ್ಚಿಸಲಿಲ್ಲ. ಎದ್ದು ನಿಲ್ಲುವಷ್ಟು ಬಲ ಕೊಟ್ಟಿತು.

ಇನ್ನು ಕೆಲವು ಡಾಕ್ಟರುಗಳ ಆಕ್ಷೇಪ ಬೇರೆ. "ಅಡ್ಡ ಪರಿಣಾಮ ಹೇಳಿದರೆ ಹೆದರಿ ಮಾತ್ರೆ ಬಿಡುತ್ತಾರೆ, ಇಲ್ಲದ್ದನ್ನೂ ಕಲ್ಪಿಸಿಕೊಳ್ಳುತ್ತಾರೆ" ಎನ್ನುತ್ತಾರೆ. ಔಷಧವಿಲ್ಲದ ಮಾತ್ರೆ ನುಂಗಿದವರೂ ತಲೆನೋವು, ವಾಕರಿಕೆ ಹೇಳುತ್ತಾರೆ ಎಂಬುದು ನಿಜ. ಆದರೆ ಹೇಳದೆ ಇದ್ದಾಗ ನಾನು ಏನು ಮಾಡಿದೆ? ಪಕ್ಕದ ಮನೆಯಾಕೆಯ ಮಾತು ಕೇಳಿದೆ. ಡಾಕ್ಟರು ಬಾಯಿ ಮುಚ್ಚಿಕೊಂಡಷ್ಟೂ ಊರು ಬಾಯಿ ತೆರೆಯುತ್ತದೆ.

ಕೇಳುವುದು ನಮ್ಮ ಹಕ್ಕು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಕೊಡುವ ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡ ಪರಿಣಾಮ ಏನು ಎಂಬುದನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕು ನಮಗಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಬ್ಬರನ್ನು ಬುದ್ಧಿ ಸ್ಥಿಮಿತ ಇಲ್ಲದವರು ಎನ್ನುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಗಂಡ ಜೊತೆಗೆ ಬಂದಿದ್ದರೆ, "ನಾನು ಒಬ್ಬಳೇ ಮಾತಾಡಬೇಕು ಡಾಕ್ಟ್ರೇ" ಎಂದು ಧೈರ್ಯವಾಗಿ ಹೇಳಿ. ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿಸಿಕೊಂಡು ಕೇಳಿ. ಹೊಡೆತದ ಗಾಯವಾಗಿದ್ದರೆ ಹೊಡೆತ ಎಂದೇ ಬರೆಸಿ. ನಾಳೆ ಕೋರ್ಟಿನಲ್ಲಿ ಆ ಒಂದು ಸಾಲು ಮಾತಾಡುತ್ತದೆ.

ಅಡ್ಡ ಪರಿಣಾಮ ಆಗಿದೆ ಎಂಬ ಅನುಮಾನ ಇದ್ದರೆ ನಾವೇ ಸರ್ಕಾರಕ್ಕೆ ತಿಳಿಸಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದಲ್ಲಿ 2010ರಲ್ಲಿ ಇದಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಲ್ಲಿದೆ. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಶಾಖೆಗಳಿವೆ. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಇದೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಮಾತ್ರೆಯೇ ಕಾರಣ ಎಂದು ಸಾಬೀತು ಮಾಡುವ ಹೊಣೆ ನಮ್ಮದಲ್ಲ, ಅನುಮಾನ ಸಾಕು. ಅಲ್ಲಿಂದ ಈ ವರದಿಗಳು ಸ್ವೀಡನ್ನಿನ ಉಪ್ಸಲಾದಲ್ಲಿರುವ ಕೇಂದ್ರಕ್ಕೆ ಹೋಗಿ, ಎಲ್ಲ ದೇಶಗಳ ಲೆಕ್ಕದ ಜೊತೆ ಸೇರುತ್ತವೆ. ಅಲ್ಲಿ ನಮ್ಮ ಹಳ್ಳಿ ಹೆಂಗಸರ ದೂರು ಇಲ್ಲದಿದ್ದರೆ ನಮ್ಮ ಮೈಗೆ ಏನಾಗುತ್ತದೆ ಎಂಬುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮನಸ್ಸಿನ ತೊಂದರೆಗೆ 14416, ಮನೆಯ ಹಿಂಸೆಗೆ 181. ಈ ಎರಡು ನಂಬರು ಎಲ್ಲ ಸಂಘದ ಗೋಡೆಯ ಮೇಲೂ ಇರಲಿ. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ದೂರು ಕೊಡಲು ಸಂರಕ್ಷಣಾಧಿಕಾರಿಯಾದ ಸಿಡಿಪಿಒ ಹತ್ತಿರ ಹೋಗಬಹುದು. ಹಿಂದೆ 498ಎ ಎನ್ನುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿವೆ. ವರದಕ್ಷಿಣೆ ಸಾವಿನ 304ಬಿ ಈಗ 80ನೆಯ ಕಲಮು. ನಂಬರು ಬದಲಾದರೂ ಅಪರಾಧ ಅಪರಾಧವೇ.

ನಮ್ಮ ಹುಡುಗಿಯ ಗಂಡ ಈಗ, ಹೆಂಡತಿಗೆ ಹುಚ್ಚು, ಮದುವೆಗೆ ಮೊದಲು ಮುಚ್ಚಿಟ್ಟರು ಎಂದು ವಿಚ್ಛೇದನದ ಅರ್ಜಿ ಹಾಕಿದ್ದಾನೆ. ಮಾತ್ರೆ ಶೀಟನ್ನೇ ಸಾಕ್ಷಿ ಮಾಡಿದ್ದಾನೆ. ಕಾಯಿಲೆಯ ಹೆಸರು ಹಚ್ಚಿದರೆ ಸಾಲದು, ಜೊತೆಯಲ್ಲಿ ಬಾಳಲಾಗದಷ್ಟು ಅದು ಇದೆ ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ರಾಮ್ ನಾರಾಯಣ್ ಗುಪ್ತಾ ಅವರ ಮೊಕದ್ದಮೆಯಲ್ಲಿ ಹೇಳಿದೆ. ಕೇಸು ಇನ್ನೂ ನಡೆಯುತ್ತಿದೆ. ಏನಾಗುತ್ತದೋ ಗೊತ್ತಿಲ್ಲ. ಅವಳು ತವರಿನಲ್ಲಿದ್ದಾಳೆ. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಯಾರಿಗೂ ಮುಚ್ಚಿಡದೆ. ನಲವತ್ತು ಪುಟದ ಆ ನೋಟ್‌ಬುಕ್ಕು ಈಗ ವಕೀಲರ ಫೈಲಿನಲ್ಲಿದೆ.

ಅದರಲ್ಲಿ ಹೊಡೆದುಹಾಕಿದ ಆ ಮಾತು ಈಗಲೂ ಕಾಣುತ್ತದೆ. "ಬಿದ್ದೆ" ಎಂದು ಬರೆದು, ಗೆರೆ ಎಳೆದು, "ತಳ್ಳಿದರು." ಆ ಗೆರೆ ಎಳೆಯುವುದಕ್ಕೆ ಅವಳಿಗೆ ಮೂರು ವಾರ ಹಿಡಿಯಿತು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ತೆಗೆದಿಡಿ. ಯಾರು ಯಾರು ಯಾವ ಮಾತ್ರೆ ನುಂಗುತ್ತಿದ್ದೀರಿ, ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳಿ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯ ಮಾಡಬೇಡಿ. ಸಭೆ ಮುಗಿದ ಮೇಲೆ ಅವರ ಜೊತೆ ಸ್ವಲ್ಪ ದೂರ ನಡೆದುಕೊಂಡು ಹೋಗಿ, ಸಾಕು.